ಕರ್ನಲ್ ಹಗುರಾಗಲಿ, ಕನ್ನಡದ ಹೆಸರು ಅಳಿಯದಿರಲಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕಡೆ ಇಲ್ಲ. ವೈಟ್‌ಫೀಲ್ಡ್‌ನ ಕಚೇರಿಗಳು ಬಿಟ್ಟುಕೊಡುವ ಅಂಥ ಯಂತ್ರಗಳಿಗೆ ಲಿನಕ್ಸ್ ಹಾಕಿ ಕಾಡುಗೋಡಿ, ವರ್ತೂರು ಕಡೆಯ ಸರ್ಕಾರಿ ಶಾಲೆಗಳಿಗೆ ಕೊಡುವವರಲ್ಲಿ ನಾನೂ ಒಬ್ಬ. ವಾರವೆಲ್ಲ ಸರ್ವರ್ ನೋಡಿಕೊಳ್ಳುವುದು ನನ್ನ ಉದ್ಯೋಗ, ಶನಿವಾರ ಈ ಕೆಲಸ.

ಹಳೆ ಯಂತ್ರ ಚುರುಕಾಗಲಿ ಎಂದು ಕೆಲವರು ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ತಾವೇ ಕಟ್ಟುತ್ತಾರೆ. ಸಂತೋಷ. ಆದರೆ ಮೊದಲ ಕತ್ತರಿ ಬೀಳುವುದು ಬೇರೆಯವರ ಫೈಲ್ ಸಿಸ್ಟಂಗಳ, ಅಂದರೆ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವಿಧಾನಗಳ ಮೇಲೆ. ಲಿನಕ್ಸ್‌ಗೆ ತನ್ನದೇ ಎಕ್ಸ್ಟ್4 ಸಾಕು, ನಿಜ, ಶಾಲೆಗೆ ಸಾಲದು. ಅಲ್ಲಿಗೆ ಬರುವ ಪೆನ್‌ಡ್ರೈವ್ ಫ್ಯಾಟ್32, 64 ಜಿಬಿಯ ಮೆಮೊರಿ ಕಾರ್ಡ್ ಎಕ್ಸ್‌ಫ್ಯಾಟ್, ಹಾರ್ಡ್‌ಡಿಸ್ಕ್ ಎನ್‌ಟಿಎಫ್‌ಎಸ್. ಇವನ್ನು ಓದಲು, ಬರೆಯಲು ಈಗ ಹೊರಗಿನ ತಂತ್ರಾಂಶವೇ ಬೇಕಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಫ್ಯಾಟ್‌ನ ವಿವರ ಬಹಿರಂಗಪಡಿಸಿತು, 2020ರ 5.7ನೇ ಕರ್ನಲ್‌ಗೆ ಸ್ಯಾಮ್‌ಸಂಗ್‌ನವರ ಡ್ರೈವರ್ ಬಂತು. 2021ರ 5.15ರಲ್ಲಿ ಪ್ಯಾರಗಾನ್ ಕಂಪನಿಯ ಎನ್‌ಟಿಎಫ್‌ಎಸ್3 ಸೇರಿತು. ಇವನ್ನು ಮಾಡ್ಯೂಲ್ ಆಗಿ ಇಟ್ಟರೆ, ಡಿಸ್ಕ್ ಚುಚ್ಚಿದಾಗ ಮಾತ್ರ ಮೆಮೊರಿಗೆ ಬರುತ್ತವೆ. ಕತ್ತರಿಸಿ ಉಳಿಸಿದ್ದಾದರೂ ಏನು?

ಅದಕ್ಕಿಂತ ನೋವಿನದು ಇನ್ನೊಂದಿದೆ. ಬೇರೆ ಯಾರೋ ಕೊಟ್ಟಿದ್ದ ಯಂತ್ರವೊಂದರಲ್ಲಿ ಟೀಚರೊಬ್ಬರು ಪೆನ್‌ಡ್ರೈವ್ ತೆರೆದು, "ಸಾರ್, ಇದರಲ್ಲಿ ಗಣಿತ ಯಾವುದು, ಸಮಾಜ ಯಾವುದು?" ಎಂದರು. ಪರದೆಯ ಮೇಲೆ ಎರಡೂ ಫೋಲ್ಡರ್‌ಗಳ ಹೆಸರು ನಾಲ್ಕು ನಾಲ್ಕು ಪ್ರಶ್ನೆಚಿಹ್ನೆ. ಯೂನಿಕೋಡ್‌ನಲ್ಲಿ ಆ ಎರಡೂ ಪದಗಳಿಗೆ ನಾಲ್ಕೇ ಸಂಕೇತ, ಹಾಗಾಗಿ ಗುರುತೇ ಸಿಗದು. ಡಿಸ್ಕಿನಲ್ಲಿ ಹೆಸರು ಸರಿಯಾಗಿಯೇ ಇತ್ತು. ಕರ್ನಲ್‌ನ ಫ್ಯಾಟ್ ವಿಭಾಗ ತಾನಾಗಿ ಆರಿಸಿಕೊಳ್ಳುವ ಅಕ್ಷರಪಟ್ಟಿ ಐಎಸ್‌ಒ 8859-1, ಪಶ್ಚಿಮ ಯುರೋಪಿನದು. ಅದರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ಯುಟಿಎಫ್-8 ಬೇಕೆಂದು ನಾವೇ ಗುರುತು ಹಾಕಬೇಕು. ಉಬುಂಟುವಿನಂಥ ದೊಡ್ಡ ವಿತರಣೆಗಳಲ್ಲಿ ಪೆನ್‌ಡ್ರೈವ್ ತಾನಾಗಿ ತೆರೆದುಕೊಳ್ಳುವಾಗ ಈ ಏರ್ಪಾಡು ಆಗಿಯೇ ಇರುತ್ತದೆ. ಕೈಯಾರೆ ಕಟ್ಟಿದ ಕರ್ನಲ್‌ಗಳಲ್ಲಿ ಮರೆತುಹೋಗುತ್ತದೆ.

ಕತ್ತರಿ ಹಾಕುವವರು ಹೇಳುವ ಸುರಕ್ಷತೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬೇಕೆಂದೇ ಕೆಡಿಸಿದ ಡಿಸ್ಕ್ ಕರ್ನಲ್ಲನ್ನೇ ಕೆಡವಬಲ್ಲದು. ನನ್ನ ಸರ್ವರ್‌ಗಳಲ್ಲಿ ಬೇಡದ ಫೈಲ್ ಸಿಸ್ಟಂಗಳನ್ನು ನಾನೇ ಮುಚ್ಚಿಡುತ್ತೇನೆ. ಅಲ್ಲಿ ಯಾರೂ ಪೆನ್‌ಡ್ರೈವ್ ಚುಚ್ಚುವುದಿಲ್ಲ. ಶಾಲೆಯಲ್ಲಿ ಪಾಠ ಬರುವುದೇ ಅದರಲ್ಲಿ. ಅಲ್ಲಿ ಮಾಡಬೇಕಾದ್ದು ಕರ್ನಲ್ಲನ್ನು ಆಗಾಗ ಹೊಸದು ಮಾಡುವುದು.

ಯಂತ್ರ ಕೊಡುವ ಕಂಪನಿಗಳೂ ಪಡೆಯುವ ಶಿಕ್ಷಣ ಇಲಾಖೆಯೂ ಹಸ್ತಾಂತರದ ಪತ್ರದಲ್ಲಿ ಒಂದು ಷರತ್ತು ಸೇರಿಸಲಿ: ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಮೂರರಲ್ಲೂ ಕನ್ನಡ ಹೆಸರಿನ ಫೈಲನ್ನು ತೆರೆದು, ತಿದ್ದಿ, ಉಳಿಸಿ ತೋರಿಸಬೇಕು, ಟೀಚರ್ ನೋಡಿದ ಮೇಲೆಯೇ ಸಹಿ.