ದ್ವೀಪಮಾಲೆ ಮತ್ತು ಚಂಡಮಾರುತ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ಹಳೆಯ ಗಾದೆ. ದೂರದ ದ್ವೀಪಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ದೂರದಿಂದ ನೋಡುವವನಿಗೆ ಅವುಗಳ ಏರುತಗ್ಗುಗಳು ಕಾಣುವುದಿಲ್ಲ. ಒಂದಕ್ಕೂ ಮತ್ತೊಂದಕ್ಕೂ ನಡುವಣ ಅಂತರ ತಿಳಿಯುವುದಿಲ್ಲ. ಹಲವು ನಾಡುಗಳು ಕಲೆತು ಒಂದೇ ನಾಡಾಗಿ ತೋರುತ್ತವೆ. ಈ ದೃಷ್ಟಿದೋಷವು ಕೇವಲ ಅಜ್ಞಾನವಾಗಿ ಉಳಿಯುವಂತಿದ್ದರೆ ಅದಕ್ಕಾಗಿ ಹೆಚ್ಚು ಚಿಂತಿಸಬೇಕಾಗಿರಲಿಲ್ಲ. ಆದರೆ ಬಿರುಗಾಳಿಯ ದಾರಿಯಲ್ಲಿ ನೆಲಸಿರುವ ಜನರ ಪಾಲಿಗೆ ತಪ್ಪು ತಿಳಿವಳಿಕೆಯು ಅನ್ನವನ್ನೂ ಕಸಿದುಕೊಳ್ಳಬಲ್ಲುದು, ಪ್ರಾಣವನ್ನೂ ಕಸಿದುಕೊಳ್ಳಬಲ್ಲುದು. ಕೆರಿಬಿಯನ್ ದ್ವೀಪಗಳ ಈಚಿನ ಇತಿಹಾಸವೇ ಇದಕ್ಕೆ ನಿದರ್ಶನ.

2024ರ ಜೂನ್ 29ರಂದು ಭಾರತದ ಕ್ರಿಕೆಟ್ ತಂಡವು ಬಾರ್ಬಡೋಸಿನ ರಾಜಧಾನಿಯಾದ ಬ್ರಿಜ್‌ಟೌನಿನಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಗೆದ್ದುಕೊಂಡಿತು. ಆ ತಂಡಕ್ಕೆ ತರಬೇತುದಾರರಾಗಿದ್ದವರು ಕನ್ನಡಿಗರಾದ ರಾಹುಲ್ ದ್ರಾವಿಡ್. ಗೆಲುವಿನ ಸಂಭ್ರಮ ತಣಿಯುವ ಮೊದಲೇ ಬೆರಿಲ್ ಎಂಬ ಚಂಡಮಾರುತ ಸಮೀಪಿಸಿತು. ವಿಮಾನ ನಿಲ್ದಾಣ ಮುಚ್ಚಿತು. ಆಟಗಾರರು ಅಲ್ಲಿಯೇ ತಂಗಬೇಕಾಯಿತು. ಅವರು ದೆಹಲಿಯನ್ನು ತಲಪಿದುದು ಜುಲೈ 4ರಂದು. ಆ ನಾಲ್ಕು ದಿನ ಕನ್ನಡನಾಡಿನಲ್ಲಿಯೂ ಬಾರ್ಬಡೋಸಿನ ಬಿರುಗಾಳಿಯ ಮಾತೇ ಮಾತು. ಆದರೆ ಬಿರುಗಾಳಿಯ ಕಣ್ಣು ಬಾರ್ಬಡೋಸನ್ನು ಮುಟ್ಟಲಿಲ್ಲ. ಬ್ರಿಜ್‌ಟೌನಿನ ಬಂದರಿನಲ್ಲಿ ಮೀನುಗಾರರ ದೋಣಿಗಳು ನುಚ್ಚುನೂರಾದುವು, ನಿಜ. ಆದರೆ ಬಿರುಗಾಳಿ ದಕ್ಷಿಣಕ್ಕೆ ಹಾಯ್ದು, ಜುಲೈ 1ರಂದು, ಅಲ್ಲಿಂದ ಸುಮಾರು 200 ಕಿಲೋಮೀಟರು ದೂರದಲ್ಲಿರುವ ಕ್ಯಾರಿಯಾಕೂ ಎಂಬ ಪುಟ್ಟ ದ್ವೀಪದ ಮೇಲೆ ತನ್ನ ಪೂರ್ಣ ಬಲದಿಂದ ಎರಗಿತು. ಆ ದ್ವೀಪದ ಕಟ್ಟಡಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹಾನಿಗೊಂಡುವು. ಬಾರ್ಬಡೋಸಿನ ಹೆಸರು ಎಲ್ಲರ ಬಾಯಲ್ಲಿತ್ತು. ಕ್ಯಾರಿಯಾಕೂವಿನ ಹೆಸರನ್ನು ಕೇಳಿದವರು ಎಷ್ಟು ಮಂದಿ?

ಇಂತಹ ತಪ್ಪಿಗೆ ಒಂದು ಕಾರಣ ಹೆಸರಿನಲ್ಲಿಯೇ ಇದೆ. ಭಾರತವನ್ನು ಅರಸಿ ಹೊರಟ ಕೊಲಂಬಸನು 1492ರಲ್ಲಿ ಈ ದ್ವೀಪಗಳನ್ನು ಕಂಡು ಇವೇ ಇಂಡಿಯಾದ ಅಂಚೆಂದು ಭ್ರಮಿಸಿದನು. ಅದರಿಂದ ಅವಕ್ಕೆ ವೆಸ್ಟ್ ಇಂಡೀಸ್ ಎಂಬ ಹೆಸರು ಅಂಟಿಕೊಂಡಿತು. ಕ್ರಿಕೆಟ್ ಆಟದಿಂದ ಆ ಹೆಸರು ಭಾರತದ ಹಳ್ಳಿಹಳ್ಳಿಗೂ ಬಂದಿತು. ಗ್ಯಾರಿ ಸೋಬರ್ಸ್ ಬಾರ್ಬಡೋಸಿನವರು, ವಿವಿಯನ್ ರಿಚರ್ಡ್ಸ್ ಆಂಟಿಗದವರು, ಮೈಕೆಲ್ ಹೋಲ್ಡಿಂಗ್ ಜಮೈಕಾದವರು, ಬ್ರಯನ್ ಲಾರಾ ಟ್ರಿನಿಡಾಡಿನವರು, ಕ್ಲೈವ್ ಲಾಯ್ಡ್ ಗಯಾನಾದವರು. ಇವರೆಲ್ಲ ಒಂದೇ ತಂಡದಲ್ಲಿ ಆಡಿದುದರಿಂದ ವೆಸ್ಟ್ ಇಂಡೀಸ್ ಎಂಬುದು ಒಂದೇ ದೇಶವೆಂದು ಅನೇಕರು ಇಂದಿಗೂ ನಂಬಿದ್ದಾರೆ. ಅಂತಹ ಒಂದು ಒಕ್ಕೂಟ 1958ರಲ್ಲಿ ಹುಟ್ಟಿದುದುಂಟು. 1962ರಲ್ಲಿಯೇ ಅದು ಮುರಿದುಬಿದ್ದಿತು. ಮೈದಾನದಲ್ಲಿ ಒಂದಾಗಿರುವವರು ಭೂಪಟದಲ್ಲಿ ಹಲವರು. ಗಯಾನಾ ಅಂತೂ ದ್ವೀಪವೇ ಅಲ್ಲ. ಅದು ದಕ್ಷಿಣ ಅಮೆರಿಕ ಖಂಡದ ಒಂದು ಭಾಗ.

ಈ ನಾಡುಗಳ ನಡುವಣ ದೂರವಾದರೂ ಎಷ್ಟು? ಜಮೈಕಾದ ಕಿಂಗ್‌ಸ್ಟನ್ನಿನಿಂದ ಬ್ರಿಜ್‌ಟೌನಿಗೆ ಸುಮಾರು 1,900 ಕಿಲೋಮೀಟರು. ಬೆಂಗಳೂರಿನಿಂದ ದೆಹಲಿಗೆ ಹಾರುವ ಹಕ್ಕಿಯೂ ಅಷ್ಟು ದೂರ ಹೋಗಬೇಕಾಗಿಲ್ಲ. ನೆಲದ ಸ್ವರೂಪವೂ ಒಂದೇ ಬಗೆಯದಲ್ಲ. ಜಮೈಕಾದ ನೀಲಿ ಬೆಟ್ಟಗಳ ಶಿಖರ ಸಮುದ್ರಮಟ್ಟದಿಂದ 2,256 ಮೀಟರು ಎತ್ತರದಲ್ಲಿದೆ. ಡೊಮಿನಿಕ ಜ್ವಾಲಾಮುಖಿಗಳಿಂದ ಮೂಡಿದ, ಕಡಿದಾದ ಕಣಿವೆಗಳ ನಾಡು. ಬಾರ್ಬುಡ ಹವಳದ ಸುಣ್ಣಕಲ್ಲಿನ ಮೇಲೆ ಹಾಸಿದ, ಬಹುಮಟ್ಟಿಗೆ ಸಮತಟ್ಟಾದ ನೆಲ. ಬಾರ್ಬಡೋಸ್ ಉಳಿದ ದ್ವೀಪಗಳ ಸಾಲಿನಿಂದ ಪೂರ್ವಕ್ಕೆ ಸರಿದು ಅಟ್ಲಾಂಟಿಕ್ ಸಾಗರದಲ್ಲಿ ಒಂಟಿಯಾಗಿ ನಿಂತಿದೆ. ಇವೆಲ್ಲವನ್ನೂ ಒಂದೇ ಬಿಳಿಯ ಮರಳದಂಡೆ, ಒಂದೇ ನೀಲಿಯ ನೀರು ಎಂದು ಭಾವಿಸುವುದು ವಿಹಾರಾರ್ಥಿಗಳ ಜಾಹೀರಾತು ಕಲಿಸಿದ ಪಾಠವೇ ಹೊರತು ಭೂಗೋಳ ಕಲಿಸಿದುದಲ್ಲ.

ಇನ್ನು ಬಿರುಗಾಳಿಯ ನಡೆಯನ್ನು ನೋಡಬೇಕು. ಇಲ್ಲಿಯ ಅನೇಕ ಚಂಡಮಾರುತಗಳ ಬೀಜ ಆಫ್ರಿಕದ ಪಶ್ಚಿಮ ತೀರದ ಬಳಿ ಮೊಳೆಯುತ್ತದೆ. ವಾಣಿಜ್ಯ ಮಾರುತಗಳು ಅದನ್ನು ಪಶ್ಚಿಮಕ್ಕೆ ನೂಕಿಕೊಂಡು ಬರುತ್ತವೆ. ಸುಮಾರು 27 ಡಿಗ್ರಿ ಸೆಲ್ಸಿಯಸ್ಸಿಗೆ ಕಾದ ಕಡಲು ಅದಕ್ಕೆ ಶಕ್ತಿಯನ್ನೆರೆಯುತ್ತದೆ. ಭೂಮಿಯ ಆವರ್ತನೆಯು ಅದನ್ನು ಬುಗುರಿಯಂತೆ ತಿರುಗಿಸುತ್ತದೆ. ಇಂತಹ ಬಿರುಗಾಳಿಯ ಮೋಡಗಳು ನೂರಾರು ಕಿಲೋಮೀಟರು ಹರಡಿಕೊಂಡಿದ್ದರೂ ಅದರ ಸಂಹಾರಕ ಬಲವೆಲ್ಲ ಕಣ್ಣಿನ ಸುತ್ತಣ ಕೆಲವು ಹತ್ತು ಕಿಲೋಮೀಟರುಗಳಲ್ಲಿ ಅಡಗಿರುತ್ತದೆ. ಆದುದರಿಂದಲೇ ಒಂದು ದ್ವೀಪ ಮಣ್ಣುಪಾಲಾದ ದಿನವೇ ನೆರೆಯ ದ್ವೀಪ ಮಳೆಯಲ್ಲಿ ನೆನೆದು ಮರುದಿನ ಬಿಸಿಲಿಗೆ ಮೈಯೊಡ್ಡುವುದು ಸಾಧ್ಯ.

2017ರ ಸೆಪ್ಟೆಂಬರ್ 6ರಂದು ನಡೆದುದು ಇದೇ. ಇರ್ಮಾ ಎಂಬ ಚಂಡಮಾರುತವು ಗಂಟೆಗೆ ಸುಮಾರು 295 ಕಿಲೋಮೀಟರು ವೇಗದ ಗಾಳಿಯೊಡನೆ ಬಾರ್ಬುಡದ ಮೇಲೆ ಹಾಯಿತು. ದ್ವೀಪದ ಬಹುಪಾಲು ಮನೆಗಳು ಕೆಟ್ಟುಹೋದುವು; ಅಲ್ಲಿಯ ಸಾವಿರದ ಆರುನೂರಕ್ಕೂ ಹೆಚ್ಚು ನಿವಾಸಿಗಳನ್ನು ತೆರವು ಮಾಡಿಸಿ ಆಂಟಿಗಕ್ಕೆ ಸಾಗಿಸಬೇಕಾಯಿತು. ಆಂಟಿಗವೆಂದರೆ ಬೇರೆ ದೇಶವಲ್ಲ. ಎರಡೂ ಕೂಡಿ ಒಂದೇ ರಾಷ್ಟ್ರ. ನಡುವೆ ಇರುವುದು ಐವತ್ತು ಕಿಲೋಮೀಟರಿನಷ್ಟು ನೀರು. ಅಷ್ಟು ಹತ್ತಿರದ ಆಂಟಿಗದಲ್ಲಿ ಆದ ಹಾನಿ ಅಲ್ಪ. ಅದು ತನ್ನ ಸೋದರಿಗೆ ಆಶ್ರಯವನ್ನೇ ನೀಡಿತು. ಎರಡು ವಾರಗಳೊಳಗಾಗಿ ಮರಿಯಾ ಎಂಬ ಇನ್ನೊಂದು ಚಂಡಮಾರುತ ಡೊಮಿನಿಕವನ್ನೂ ಪೋರ್ಟೊ ರಿಕೊವನ್ನೂ ಧ್ವಂಸಮಾಡಿತು. ಆಗಲೂ ಟ್ರಿನಿಡಾಡು, ಬಾರ್ಬಡೋಸು, ಜಮೈಕಾಗಳು ಎಂದಿನಂತೆ ನಿಂತಿದ್ದುವು.

ಆದರೆ ದೂರದ ನಾಡುಗಳಲ್ಲಿ ಹಬ್ಬಿದ ಸುದ್ದಿ ಬೇರೆ. "ಕೆರಿಬಿಯನ್ ನಾಶವಾಯಿತು" ಎಂದು ಜನ ತಿಳಿದರು. ಗಾಳಿ ಸೋಕದ ದ್ವೀಪಗಳಿಗೆ ಹೊರಟವರೂ ತಮ್ಮ ಪ್ರಯಾಣವನ್ನು ರದ್ದುಗೊಳಿಸಿದರು. ಆ ವರ್ಷ ಕೆರಿಬಿಯನ್ ಪ್ರದೇಶ ಕಳೆದುಕೊಂಡ ಪ್ರವಾಸಿಗರ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚೆಂದು ವಿಶ್ವ ಪ್ರವಾಸ ಮತ್ತು ಪ್ರವಾಸೋದ್ಯಮ ಮಂಡಳಿ ಅಂದಾಜು ಮಾಡಿತು. ಈ ದ್ವೀಪಗಳಲ್ಲಿ ಹಲವಕ್ಕೆ ಪ್ರವಾಸೋದ್ಯಮವೇ ಜೀವನಾಧಾರ. ಹೋಟೆಲಿನ ಕೋಣೆ ಬರಿದಾದರೆ ಅದನ್ನು ಗುಡಿಸುವ ಹೆಂಗಸಿನ ಮಡಿಲೂ ಬರಿದು. ಬಾಡಿಗೆ ಕಾರು ನಡೆಸುವವನ, ಮೀನು ಮಾರುವವಳ, ತರಕಾರಿ ಬೆಳೆಯುವವನ ಒಲೆಯೂ ತಣ್ಣಗೆ. ಬಿರುಗಾಳಿ ಬಿಟ್ಟುಹೋದ ಮನೆಗಳನ್ನು ತಪ್ಪು ತಿಳಿವಳಿಕೆ ಬಿಡಲಿಲ್ಲ.

ಈ ಭಯಕ್ಕೆ ಎದುರಾಗಿ ಇನ್ನೊಂದು ಭ್ರಮೆಯುಂಟು. ಅದು ನೆಮ್ಮದಿಯ ವೇಷ ಧರಿಸಿದೆ. ದಕ್ಷಿಣದ ದ್ವೀಪಗಳು ಚಂಡಮಾರುತದ ಪಟ್ಟಿಯಿಂದ ಹೊರಗಿವೆ, ಅಲ್ಲಿ ಯಾವ ಕಾಲದಲ್ಲಿಯೂ ನಿಶ್ಚಿಂತೆಯಿಂದ ಇರಬಹುದು ಎಂಬುದೇ ಆ ಭ್ರಮೆ. ಇದರಲ್ಲಿ ಸತ್ಯದ ಅಂಶವಿಲ್ಲದಿಲ್ಲ. ಭೂಮಧ್ಯರೇಖೆಗೆ ಸಮೀಪಿಸಿದಂತೆಲ್ಲ ಗಾಳಿಯನ್ನು ತಿರುಗಿಸುವ ಶಕ್ತಿ ಕುಂದುತ್ತದೆ. ವೆನಿಜುವೇಲದ ತೀರಕ್ಕೆ ಮೂವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ಅರೂಬಾ, ಅದರ ನೆರೆಯ ಬೊನೇರ್ ಮತ್ತು ಕ್ಯುರಸಾವ್, ಹಾಗೂ ಟ್ರಿನಿಡಾಡು ಚಂಡಮಾರುತದ ನೇರ ಹೊಡೆತಕ್ಕೆ ಸಿಕ್ಕಿದುದು ತೀರ ಅಪರೂಪ. ಆದರೆ ಅಪರೂಪವೆಂದರೆ ಅಸಂಭವವೆಂದು ಅರ್ಥವಲ್ಲ. ಟ್ರಿನಿಡಾಡಿನ ಪಕ್ಕದಲ್ಲಿಯೇ ಇರುವ ಟೊಬೇಗೊ 1963ರ ಸೆಪ್ಟೆಂಬರ್ 30ರಂದು ಫ್ಲೋರಾ ಎಂಬ ಚಂಡಮಾರುತಕ್ಕೆ ತುತ್ತಾಗಿ ತನ್ನ ಕೋಕೋ ಮತ್ತು ತೆಂಗಿನ ತೋಟಗಳನ್ನು ಕಳೆದುಕೊಂಡಿತು.

ಗ್ರೆನೆಡದ ಕಥೆ ಇನ್ನೂ ಕರುಣಾಜನಕ. 1955ರ ಜಾನೆಟ್ ಚಂಡಮಾರುತದ ತರುವಾಯ ಅರ್ಧ ಶತಮಾನದ ಕಾಲ ಅಲ್ಲಿಗೆ ಅಂತಹ ವಿಪತ್ತು ಬರಲಿಲ್ಲ. ಒಂದು ತಲೆಮಾರು ಹುಟ್ಟಿ, ಬೆಳೆದು, ಮನೆ ಕಟ್ಟಿ, ಬಿರುಗಾಳಿಯನ್ನು ಅಜ್ಜಿಯ ಕಥೆಯೆಂದು ಭಾವಿಸಿತು. ಮಾಡಿನ ತೊಲೆಗಳನ್ನು ಗೋಡೆಗೆ ಲೋಹದ ಪಟ್ಟಿಗಳಿಂದ ಬಿಗಿಯುವ ಸರಳ ಎಚ್ಚರಿಕೆಯನ್ನೂ ಬಹಳ ಮಂದಿ ಬಿಟ್ಟಿದ್ದರು. 2004ರ ಸೆಪ್ಟೆಂಬರ್ 7ರಂದು ಐವನ್ ಚಂಡಮಾರುತ ಬಂದಿತು. 39 ಮಂದಿ ಸತ್ತರು. ನೂರಕ್ಕೆ ತೊಂಬತ್ತರಷ್ಟು ಮನೆಗಳಿಗೆ ಹಾನಿಯಾಯಿತು. ಒಟ್ಟು ನಷ್ಟವು ದೇಶದ ಒಂದು ವರ್ಷದ ಉತ್ಪನ್ನದ ಎರಡರಷ್ಟು. ಗ್ರೆನೆಡ ಆಗ ಜಾಯಿಕಾಯಿಯ ಬೆಳೆಯಲ್ಲಿ ಇಂಡೊನೇಷ್ಯದ ಮರುಸ್ಥಾನದಲ್ಲಿದ್ದ ನಾಡು. ಅದರ ಧ್ವಜದಲ್ಲಿಯೇ ಜಾಯಿಕಾಯಿಯ ಚಿತ್ರವಿದೆ. ಆ ಮರಗಳಲ್ಲಿ ಬಹುಪಾಲು ಒಂದೇ ದಿನದಲ್ಲಿ ಬುಡಮೇಲಾದುವು. ಅಡಕೆಯ ತೋಟದಲ್ಲಿ ಜಾಯಿಕಾಯಿ ಬೆಳೆಯುವ ಮಲೆನಾಡಿನ ರೈತನು ಆ ಸಂಕಟವನ್ನು ಬಲ್ಲನು. ಸಸಿ ನೆಟ್ಟವನು ಫಲ ಕಾಣಲು ಹಲವು ವರ್ಷ ಕಾಯಬೇಕು. ಇಪ್ಪತ್ತು ವರ್ಷ ಕಳೆದು ಬೆರಿಲ್ ಬಡಿದ ಕ್ಯಾರಿಯಾಕೂ ಕೂಡ ಈ ಗ್ರೆನೆಡ ದೇಶಕ್ಕೇ ಸೇರಿದ ದ್ವೀಪ.

ಕಾಲದ ಲೆಕ್ಕವನ್ನೂ ದರ್ಜೆಯ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಟ್ಲಾಂಟಿಕ್ ಚಂಡಮಾರುತಗಳ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ಉಚ್ಛ್ರಾಯ ಸೆಪ್ಟೆಂಬರಿನಲ್ಲಿ. ಘೋರವಾದ ಬಿರುಗಾಳಿ ಬರುವುದು ಋತುವಿನ ನಡುವೆಯೇ ಎಂಬುದು ವಾಡಿಕೆಯ ನಂಬಿಕೆ. ಬೆರಿಲ್ ಜುಲೈ 2ರಷ್ಟು ಮೊದಲೇ ಅತ್ಯುಗ್ರವಾದ ಐದನೆಯ ದರ್ಜೆಯನ್ನು ಮುಟ್ಟಿತು. ದಾಖಲೆಗಳಿರುವ ಕಾಲದಲ್ಲಿ ಅದಕ್ಕಿಂತ ಮೊದಲು ಯಾವುದೂ ಹಾಗೆ ಬೆಳೆದುದಿಲ್ಲ. ಕಡಲು ಅಸಹಜವಾಗಿ ಕಾದಿದ್ದುದೇ ಇದಕ್ಕೆ ಮುಖ್ಯ ಕಾರಣ. ಇನ್ನು ಒಂದರಿಂದ ಐದರವರೆಗಿನ ದರ್ಜೆ ಅಳೆಯುವುದು ಗಾಳಿಯ ವೇಗವನ್ನು ಮಾತ್ರ. ಮಳೆಯನ್ನಲ್ಲ, ಉಕ್ಕಿ ಬರುವ ಕಡಲನ್ನಲ್ಲ. 2015ರ ಆಗಸ್ಟಿನಲ್ಲಿ ಡೊಮಿನಿಕದ ಮೇಲೆ ಹಾಯ್ದ ಎರಿಕಾ ಮೊದಲನೆಯ ದರ್ಜೆಯನ್ನೂ ಮುಟ್ಟಿರಲಿಲ್ಲ. ಆದರೂ ಆ ಕಡಿದಾದ ಕಣಿವೆಗಳಲ್ಲಿ ಹಳ್ಳಗಳು ಉಕ್ಕಿ, ಗುಡ್ಡಗಳು ಜರಿದು ಮೂವತ್ತರಷ್ಟು ಜನ ಬಲಿಯಾದರು. ಅಲ್ಲಿ ಕೊಂದುದು ಗಾಳಿಯಲ್ಲ, ನೀರು.

"ಭಯಪಟ್ಟು ದೂರವಿದ್ದರೆ ತಪ್ಪೇನು? ಎಚ್ಚರಿಕೆ ಎಂದೂ ಒಳ್ಳೆಯದೇ ಅಲ್ಲವೆ?" ಎಂದು ಯಾರಾದರೂ ಕೇಳಬಹುದು. ಎಚ್ಚರಿಕೆ ಒಳ್ಳೆಯದು, ಆದರೆ ಎಚ್ಚರಿಕೆಗೂ ಗಾಬರಿಗೂ ಅಂತರವಿದೆ. ಗಾಬರಿಗೊಂಡವನು ಒಂದು ಹೆಸರನ್ನು ಕೇಳಿ ಓಡುತ್ತಾನೆ. ಎಚ್ಚರವುಳ್ಳವನು ಭೂಪಟವನ್ನು ಬಿಡಿಸಿ ಯಾವ ದ್ವೀಪ, ಯಾವ ತಿಂಗಳು, ಬೆಟ್ಟವೋ ಬಯಲೋ, ಆಶ್ರಯಕ್ಕೆ ಗಟ್ಟಿಯಾದ ಮಾಡುಂಟೋ ಇಲ್ಲವೋ ಎಂದು ವಿಚಾರಿಸುತ್ತಾನೆ. ಆ ದ್ವೀಪಗಳ ಜನ ಈ ವಿವೇಕವನ್ನು ಬಹಳ ಬೆಲೆ ತೆತ್ತು ಕಲಿತಿದ್ದಾರೆ. ಐವನ್ ಬಡಿದ ಮೂರು ವರ್ಷಕ್ಕೆ, 2007ರಲ್ಲಿ, ಅವರ ಸರ್ಕಾರಗಳು ಒಂದುಗೂಡಿ ವಿಪತ್ತಿನ ವಿಮಾ ನಿಧಿಯೊಂದನ್ನು ಸ್ಥಾಪಿಸಿದುವು. ಒಂದೇ ಗಾಳಿ ಎಲ್ಲ ದ್ವೀಪಗಳನ್ನೂ ಒಮ್ಮೆಲೇ ಬಡಿಯಲಾರದು ಎಂಬ ಸತ್ಯವೇ ಆ ನಿಧಿಯ ತಳಹದಿ. ಬಡಿತಕ್ಕೆ ಸಿಕ್ಕಿದವರಿಗೆ ಸಿಕ್ಕದವರ ಕಂತು ನೆರವಾಗುತ್ತದೆ. ಬಾಯಾರಿದಾಗ ಬಾವಿ ತೋಡುವುದಕ್ಕಿಂತ ಇದು ಮೇಲಲ್ಲವೆ? ಪ್ರವಾಸಿಗರು ಮರೆತ ಭೂಗೋಳವನ್ನು ಅವರು ಕರಾರುಪತ್ರದಲ್ಲಿಯೇ ಬರೆದಿಟ್ಟರು.

ನಸುಗತ್ತಲೆಯಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆದರುವ ದೃಷ್ಟಾಂತವನ್ನು ಹಿರಿಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಹಾವನ್ನು ಹಗ್ಗವೆಂದು ತಿಳಿದು ತುಳಿಯುವುದೂ ಅದೇ ಕತ್ತಲೆಯ ಫಲ. ಮೊದಲನೆಯ ಭ್ರಮೆ 2017ರಲ್ಲಿ ನಿರಪಾಯವಾದ ದ್ವೀಪಗಳ ಅನ್ನಕ್ಕೆ ಕಲ್ಲು ಹಾಕಿತು; ಎರಡನೆಯದು 2004ರಲ್ಲಿ ಗ್ರೆನೆಡದ ಮಾಡುಗಳನ್ನು ಸಡಿಲವಾಗಿರಿಸಿತು. ಎರಡಕ್ಕೂ ಮದ್ದು ಒಂದೇ: ದೀಪ ಹಚ್ಚಿ ನೋಡುವುದು. ಭೂಗೋಳದ ಅರಿವೇ ಆ ದೀಪ. ಅದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿ ಮರೆಯುವವನು ಕೆಲವು ಅಂಕಗಳನ್ನು ಗಳಿಸಿಯಾನು. ಮನವಿಟ್ಟು ಕಲಿತವನು ಮಾತ್ರ ಬಾರ್ಬಡೋಸಿನ ಸುದ್ದಿ ಬಂದ ದಿನ ಕ್ಯಾರಿಯಾಕೂವಿಗೆ ಏನಾಯಿತೆಂದು ಕೇಳುತ್ತಾನೆ.