ಮುಂದಿನ ಕಾರ್ಯಕ್ರಮ ಯಾವುದು?

ಖಾಸಗಿ ವಾಹಿನಿಯ ಧಾರಾವಾಹಿಯೊಂದರಲ್ಲಿ ಸೊಸೆಯು ಅತ್ತೆಗೆ ಎದುರುತ್ತರ ಕೊಡುವ ದಿನ ಯಾವುದೆಂಬುದು ನಮ್ಮ ಬೀದಿಯ ಪ್ರತಿಯೊಂದು ಮನೆಗೂ ವಾರದ ಮೊದಲೇ ತಿಳಿದಿರುತ್ತದೆ. 'ಮಹಾಸಂಚಿಕೆ' ಎಂಬ ಘೋಷಣೆಯನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿ ಕೇಳಿ, ಧಾರಾವಾಹಿ ನೋಡದ ನನ್ನಂಥವನಿಗೂ ಅದು ಬಾಯಿಪಾಠವಾಗಿದೆ. ಆದರೆ ನಾಳೆ ಆಕಾಶವಾಣಿಯಲ್ಲಿ ಯಾರ ಭಾಷಣವಿದೆ, ಬರುವ ಭಾನುವಾರ ಚಂದನದಲ್ಲಿ ಯಾರ ಸಂದರ್ಶನವಿದೆ ಎಂದು ಅದೇ ಬೀದಿಯಲ್ಲಿ ವಿಚಾರಿಸಿದರೆ ಒಬ್ಬರೂ ಹೇಳಲಾರರು. ಸಾರ್ವಜನಿಕರ ಹಣದಿಂದ ನಡೆಯುವ ಈ ಎರಡು ಸಂಸ್ಥೆಗಳು ಒಳ್ಳೆಯ ಕಾರ್ಯಕ್ರಮಗಳನ್ನು ಮಾಡುವುದಿಲ್ಲವೆಂದು ದೂರುವವರ ಗುಂಪಿಗೆ ನಾನು ಸೇರಿದವನಲ್ಲ. ಮಾಡುತ್ತವೆ, ಮಾಡಿ, ಯಾರಿಗೂ ತಿಳಿಸದೆ ಸುಮ್ಮನಾಗುತ್ತವೆ. ನನ್ನ ತಕರಾರು ಇಷ್ಟೇ.

'ಆಕಾಶವಾಣಿ' ಎಂಬ ಹೆಸರು ನಮ್ಮ ಮೈಸೂರಿನದು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಸ್ಥಾಪಿಸಿದ ಪುಟ್ಟ ಬಾನುಲಿ ನಿಲಯದ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಆಮೇಲೆ 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ, 1976ರಲ್ಲಿ ಮಂಗಳೂರು, ಹೀಗೆ ಕೇಂದ್ರಗಳು ಹಬ್ಬಿದವು. ಆ ಕಾಲದಲ್ಲಿ ಬೆಳಗಿನ ಪ್ರಸಾರದಲ್ಲೇ ಉದ್ಘೋಷಕರು ದಿನದ ಮುಖ್ಯ ಕಾರ್ಯಕ್ರಮಗಳನ್ನು ಓದಿ ಹೇಳುತ್ತಿದ್ದರು. ದಿನಪತ್ರಿಕೆಗಳು ಒಂದು ಅಂಕಣದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಂದ್ರವಾರು ವಿವರ ಮುದ್ರಿಸುತ್ತಿದ್ದವು. ಬಂಗಾಳಿಯಲ್ಲಿ 'ಬೇತಾರ್ ಜಗತ್', ತಮಿಳಿನಲ್ಲಿ 'ವಾನೊಲಿ' ಎಂದು ಬಾನುಲಿಯವರೇ ಪತ್ರಿಕೆಗಳನ್ನು ಹೊರಡಿಸಿ ಮುಂಬರುವ ಕಾರ್ಯಕ್ರಮಗಳನ್ನು ಪ್ರಕಟಿಸುತ್ತಿದ್ದರು. ನಮ್ಮ ಮನೆಯಲ್ಲಿ ಭಾನುವಾರದ ನಾಟಕದ ಹೆಸರಿಗೆ ಅಪ್ಪಯ್ಯ ಕೆಂಪು ಶಾಯಿಯಿಂದ ಗೆರೆ ಎಳೆದಿಟ್ಟರೆ, ಅಂದು ರಾತ್ರಿ ಅಡುಗೆ ಬೇಗ ಮುಗಿಯಬೇಕೆಂದು ಅಮ್ಮನಿಗೆ ಬೇರೆ ಹೇಳಬೇಕಾಗಿರಲಿಲ್ಲ.

ನನ್ನ ವೃತ್ತಿಗೆ ಸಂಬಂಧಿಸಿದ್ದರಿಂದ ಶಾಲಾ ಪ್ರಸಾರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಿಮ್ಮಲ್ಲಿ ಕೆಲವರಿಗೆ ಮುಖ್ಯೋಪಾಧ್ಯಾಯರ ಕೊಠಡಿಯ ಮರ್ಫಿ ರೇಡಿಯೋ, ಅದರ ಮೇಲೆ ಹೊದಿಸಿದ್ದ ಕಸೂತಿಯ ಬಟ್ಟೆ ನೆನಪಿರಬಹುದು. ಪಾಠದ ವಿಷಯ, ದಿನಾಂಕ, ವೇಳೆಗಳ ಪಟ್ಟಿ ನಮಗೆ ಮೊದಲೇ ತಲಪುತ್ತಿತ್ತು. ಆ ಪಟ್ಟಿಯ ಬೆಲೆ ಏನೆಂದು ಪಾಠ ಮಾಡಿದವರಿಗೆ ಗೊತ್ತು. ಗುರುವಾರ ಹೊಯ್ಸಳ ಶಿಲ್ಪದ ಬಗ್ಗೆ ಪಾಠವಿದೆಯೆಂದು ತಿಳಿದರೆ, ಬುಧವಾರವೇ ನಾನು ನಕ್ಷೆ ತೂಗುಹಾಕಿ ಬೇಲೂರು, ಹಳೇಬೀಡು ಎಲ್ಲಿವೆಯೆಂದು ಮಕ್ಕಳಿಗೆ ತೋರಿಸುತ್ತಿದ್ದೆ. ಬಳಪದ ಕಲ್ಲಿನ ಒಂದು ಚೂರನ್ನು ಕೈಯಿಂದ ಕೈಗೆ ದಾಟಿಸಿ, ಉಗುರಿನಿಂದ ಗೀರಿ ನೋಡಲು ಹೇಳುತ್ತಿದ್ದೆ. ಮರುದಿನ ರೇಡಿಯೋದಲ್ಲಿ ಆ ಕಲ್ಲಿನ ಮೃದುತ್ವದ ಮಾತು ಬಂದಾಗ ಮಕ್ಕಳ ಮುಖ ಅರಳುತ್ತಿತ್ತು. ಸಿದ್ಧತೆಯಿಲ್ಲದೆ ಅದೇ ಪಾಠವನ್ನು ಕೇಳಿಸಿದ್ದರೆ ಅರ್ಧ ತರಗತಿ ತೂಕಡಿಸುತ್ತಿತ್ತು.

ಮುಂದೆ 'ಚಿಣ್ಣರ ಚುಕ್ಕಿ', 'ಚುಕ್ಕಿ ಚಿನ್ನ', 'ಕೇಳಿ ಕಲಿ' ಎಂಬ ಸೊಗಸಾದ ಬಾನುಲಿ ಪಾಠಗಳು ಬಂದವು. ಹಾಡು, ಕಥೆ, ಸಂಭಾಷಣೆಗಳಿಂದ ಕೂಡಿದ ಈ ಪಾಠಗಳನ್ನು ತಯಾರಿಸಿದವರ ಶ್ರಮ ದೊಡ್ಡದು. ಆದರೆ ಒಮ್ಮೆ ಆ ವರ್ಷದ ವೇಳಾಪಟ್ಟಿ ನಮ್ಮ ಶಾಲೆಗೆ ಬಂದು ಮುಟ್ಟುವಷ್ಟರಲ್ಲಿ ಪ್ರಸಾರವಾಗಬೇಕಾದ ಪಾಠಗಳಲ್ಲಿ ಮೂರನೆಯ ಒಂದು ಭಾಗ ಮುಗಿದುಹೋಗಿತ್ತು. (ಲಕೋಟೆಯ ಮೇಲೆ 'ತುರ್ತು' ಎಂಬ ಮುದ್ರೆ ಮಾತ್ರ ಬಹಳ ಸ್ಪಷ್ಟವಾಗಿತ್ತು!)

ಇತ್ತೀಚಿನ ಒಂದು ಪ್ರಸಂಗವನ್ನೂ ಹೇಳುತ್ತೇನೆ. ನಮ್ಮ ಅಡಿಕೆ ಸೀಮೆಯಲ್ಲಿ ಮಳೆಗಾಲಕ್ಕೆ ಮುನ್ನ ಎಲ್ಲರ ಚಿಂತೆಯೂ ಒಂದೇ, ಕೊಳೆರೋಗ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು; ಶೇಕಡಾ ಒಂದರ ಬೋರ್ಡೋ ದ್ರಾವಣದ ಈ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಸುಣ್ಣ ಚೆನ್ನಾಗಿಲ್ಲದಿದ್ದರೆ ದ್ರಾವಣ ಕೆಡುತ್ತದೆ, ಮಳೆ ಹಿಡಿದುಕೊಂಡ ಮೇಲೆ ಮರ ಹತ್ತುವವರು ಸಿಗುವುದಿಲ್ಲ, ಮೊದಲ ಸಿಂಪಡಣೆ ತಪ್ಪಿದರೆ ಫಸಲಿನ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಬಳಿ ಏಳನೆಯ ತರಗತಿಯಲ್ಲಿ ಓದಿ, ಈಗ ಸಸ್ಯರೋಗಗಳ ತಜ್ಞನಾಗಿರುವ ಹುಡುಗನೊಬ್ಬ ಮೇ ತಿಂಗಳ ಕೊನೆಯಲ್ಲಿ ಬಾನುಲಿ ಕೇಂದ್ರವೊಂದರಲ್ಲಿ (ಹೆಸರು ಬೇಡ) ಈ ವಿಷಯವಾಗಿ ಮಾತನಾಡಿದ. ಅವನ ಸ್ವಂತ ದೊಡ್ಡಪ್ಪನ ಊರಿನಲ್ಲೇ ಒಬ್ಬರೂ ಕೇಳಲಿಲ್ಲ. ದಿನದ ವಿವರದಲ್ಲಿ ಇದ್ದುದು 'ಕೃಷಿ ಕಾರ್ಯಕ್ರಮ' ಎಂಬ ಎರಡೇ ಪದ. ಅವನೂ ಸಂಕೋಚದ ಸ್ವಭಾವದವನು. ನನ್ನ ಮಾತು ಕೇಳಿರೆಂದು ತಾನಾಗಿಯೇ ಊರಿಗೆಲ್ಲ ಸಾರುತ್ತಾನೆಯೇ? ಎರಡು ವಾರದ ನಂತರ ಮದುವೆಯ ಮನೆಯೊಂದರಲ್ಲಿ ಸಿಕ್ಕಾಗ, ಮಾತಿನ ನಡುವೆ ಹೇಳಿದ. ಪಕ್ಕದಲ್ಲೇ ಎಲೆಯ ಮುಂದೆ ಕುಳಿತಿದ್ದ ನಮ್ಮ ನೆರೆಯ ತೋಟದ ಯಜಮಾನರು, "ಅಯ್ಯೋ ಮಾರಾಯ, ನಿನ್ನೆಯಷ್ಟೇ ಕಳಪೆ ಸುಣ್ಣ ಹಾಕಿ ಒಂದು ಡ್ರಮ್ ದ್ರಾವಣ ಚೆಲ್ಲಿದೆನಲ್ಲೋ!" ಎಂದರು. ಸುಣ್ಣವನ್ನು ಪರೀಕ್ಷಿಸುವ ವಿಧಾನವನ್ನೇ ಆತ ಹತ್ತು ನಿಮಿಷ ವಿವರಿಸಿದ್ದನಂತೆ.

"ಮಾವ, ಈಗ ಎಲ್ಲವೂ ಮೊಬೈಲಿನಲ್ಲಿದೆ, ಬೇಕಾದಾಗ ಹುಡುಕಿ ಕೇಳಬಹುದು" ಎಂದು ನನ್ನ ಅಳಿಯಂದಿರು ವಾದಿಸುತ್ತಾರೆ. ಆಕಾಶವಾಣಿಗೆ ಆ್ಯಪ್ ಇದೆ, ಪ್ರಸಾರ ಭಾರತಿಯು 2024ರ ನವೆಂಬರಿನಲ್ಲಿ 'ವೇವ್ಸ್' ಎಂಬ ವೇದಿಕೆಯನ್ನೂ ತೆರೆದಿದೆ, ಯೂಟ್ಯೂಬ್ ಇದ್ದೇ ಇದೆ. ಒಪ್ಪಿದೆ. ಆದರೆ ಹುಡುಕುವವನಿಗೆ ಏನನ್ನು ಹುಡುಕಬೇಕೆಂದು ಗೊತ್ತಿರಬೇಕಲ್ಲ? ಇಂಥದೊಂದು ಭಾಷಣವಿತ್ತೆಂದೇ ತಿಳಿಯದವನು ಯಾವ ಪದವನ್ನು ಒತ್ತಬೇಕು? ಅಲ್ಲದೆ ಸ್ಥಳೀಯ ಕೇಂದ್ರಗಳಲ್ಲಿ ಬಿತ್ತರವಾದುದೆಲ್ಲ ಯೂಟ್ಯೂಬಿಗೆ ಏರುವುದೂ ಇಲ್ಲ. ಒಮ್ಮೆ ಗಾಳಿಯಲ್ಲಿ ಹೋದದ್ದು ಹೋಯಿತು.

ನಿತ್ಯವೂ ಒಂದೇ ವೇಳೆಗೆ ಬರುವ ಕಾರ್ಯಕ್ರಮಕ್ಕೆ ಡಂಗುರ ಬೇಕಿಲ್ಲ ಎಂಬುದೂ ನಿಜ. 2002ರಲ್ಲಿ ಚಂದನದಲ್ಲಿ ಆರಂಭವಾದ ಡಾ. ನಾ. ಸೋಮೇಶ್ವರರ 'ಥಟ್ ಅಂತ ಹೇಳಿ' ಸಾವಿರಾರು ಕಂತುಗಳನ್ನು ಕಂಡಿತು. ಊಟದ ತಟ್ಟೆ ಹಿಡಿದು ಅದರ ಮುಂದೆ ಕೂರುವುದು ಎಷ್ಟೋ ಮನೆಗಳ ಪದ್ಧತಿಯಾಗಿತ್ತು. ಬಹುಮಾನವಾಗಿ ಪುಸ್ತಕ ಕೊಡುವ ಅದರ ಪರಿಪಾಠ ನನಗೆ ಬಹಳ ಹಿಡಿಸಿದ್ದು. ದಸರಾ ಮೆರವಣಿಗೆಯ ನೇರಪ್ರಸಾರಕ್ಕೂ ಯಾರೂ ಹೇಳಿಕಳುಹಿಸಬೇಕಾಗಿಲ್ಲ. ಕಷ್ಟವಿರುವುದು ಒಮ್ಮೆ ಮಾತ್ರ ಬರುವ ಭಾಷಣಕ್ಕೆ, ನಾಟಕಕ್ಕೆ, ಹಳ್ಳಿಯ ಗಾಯಕಿಯೊಬ್ಬಳ ಅರ್ಧ ಗಂಟೆಯ ಹಾಡಿಗೆ. ಗಣರಾಜ್ಯೋತ್ಸವದ ಮುನ್ನಾದಿನ ಆಕಾಶವಾಣಿಯಲ್ಲಿ ಸರ್ವಭಾಷಾ ಕವಿಸಮ್ಮೇಳನ ಪ್ರಸಾರವಾಗುವುದು ದಶಕಗಳ ಸಂಪ್ರದಾಯ. ಇತರ ಭಾಷೆಗಳ ಕವಿತೆಗಳು ಕನ್ನಡ ರೂಪದಲ್ಲಿ ನಮ್ಮ ಕಿವಿಗೆ ಬೀಳುವ ಈ ಅವಕಾಶದ ಬಗ್ಗೆ ಎಷ್ಟು ಕಾಲೇಜುಗಳ ಕನ್ನಡ ವಿಭಾಗದವರು ವಿದ್ಯಾರ್ಥಿಗಳಿಗೆ ಹೇಳಿರಬಹುದು?

ಮನಸ್ಸಿದ್ದರೆ ಮಾಡಬಹುದೆಂಬುದಕ್ಕೆ 2020ನೆಯ ವರ್ಷವೇ ಸಾಕ್ಷಿ. ಶಾಲೆಗಳು ಮುಚ್ಚಿದ್ದಾಗ ಜುಲೈಯಲ್ಲಿ 'ಸೇತುಬಂಧ', ಅನಂತರ 'ಸಂವೇದ' ಪಾಠಗಳು ಚಂದನದಲ್ಲಿ ಬಂದವು. ಯಾವ ದಿನ, ಯಾವ ತರಗತಿ, ಯಾವ ವಿಷಯ, ಎಷ್ಟು ಗಂಟೆಗೆ ಎಂಬ ಪಟ್ಟಿ ಮುಂಚಿತವಾಗಿಯೇ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಟಿ.ವಿ. ಇಲ್ಲದ ಮನೆಯ ಮಕ್ಕಳು ವೇಳೆ ನೋಡಿಕೊಂಡು ಪಕ್ಕದ ಮನೆಗೆ ಹೋಗಿ ಕುಳಿತದ್ದನ್ನು ನಾನು ನೋಡಿದ್ದೇನೆ.

ಬಾನುಲಿ ಕೇಂದ್ರಗಳಲ್ಲಿ ಸಿಬ್ಬಂದಿಯ ಕೊರತೆಯಿದೆಯೆಂದು ಬಲ್ಲೆ. ನಾನು ಕೇಳುತ್ತಿರುವುದು ಮಹತ್ತರವಾದುದೇನೂ ಅಲ್ಲ. ಯಾರನ್ನು ಯಾವಾಗ ಪ್ರಸಾರ ಮಾಡಬೇಕೆಂಬ ಪಟ್ಟಿ ಕೇಂದ್ರದೊಳಗೆ ಹೇಗೂ ಮೊದಲೇ ಸಿದ್ಧವಾಗಿರುತ್ತದೆ. ಅದನ್ನೇ ಪ್ರತಿ ಶನಿವಾರ ಒಂದು ಹಾಳೆಗೆ ಇಳಿಸಿ, 'ವಿಶೇಷ ಕಾರ್ಯಕ್ರಮ', 'ಸಂದರ್ಶನ' ಎಂದು ತೇಲಿಸದೆ, ಯಾರು, ಯಾವ ವಿಷಯ, ಎಷ್ಟು ಗಂಟೆಗೆ ಎಂದು ಬರೆದು ಹೊರಗೆ ಕಳುಹಿಸಲಿ. ಪತ್ರಿಕೆಗಳು ತಮ್ಮ ಜಿಲ್ಲಾ ಪುಟದಲ್ಲಿ ನಾಲ್ಕು ಅಂಗುಲ ಸ್ಥಳ ಕೊಡಲಿ. ಗ್ರಂಥಾಲಯ, ಸಹಕಾರ ಸಂಘ, ಶಾಲೆಗಳ ಫಲಕದ ಮೇಲೆ ಅಂಟಿಸಲಿ.

ನಿಮ್ಮಲ್ಲಿ ಮೂವರೋ ನಾಲ್ವರೋ ಬಾನುಲಿಯಲ್ಲಿ ಆಗಾಗ ಹಾಡುತ್ತೀರಿ, ಮಾತನಾಡುತ್ತೀರಿ ಎಂದು ಬಲ್ಲೆ. ಸಂಕೋಚ ಬಿಟ್ಟು, ಧ್ವನಿಮುದ್ರಣ ಮುಗಿದ ದಿನವೇ ಪ್ರಸಾರದ ದಿನಾಂಕ ಕೇಳಿಕೊಂಡು ನನಗೆ ಒಂದು ಸಾಲು ಬರೆಯಿರಿ. ಇಲ್ಲಿ ಹಾಕುತ್ತೇನೆ, ನಮ್ಮ ಸಹಕಾರ ಸಂಘದ ಕರಿಹಲಗೆಯ ಮೇಲೂ ಸೀಮೆಸುಣ್ಣದಿಂದ ಬರೆಯಲು ಕಾರ್ಯದರ್ಶಿಗಳನ್ನು ಒಪ್ಪಿಸಿದ್ದೇನೆ. ಕೊಳೆರೋಗದ ಆ ತಜ್ಞ ಮಳೆಗಾಲದ ನಡುವೆ ಇನ್ನೊಮ್ಮೆ ಮಾತನಾಡುವವನಿದ್ದಾನೆ. ದಿನಾಂಕ ಇನ್ನೂ ಗೊತ್ತಾಗಬೇಕಾಗಿದೆ.