ಇಸ್ರೇಲ್ ಮಾದರಿ ಅಂದ್ರೆ ಡ್ರಿಪ್ ಪೈಪ್ ಅಷ್ಟೇನಾ?

'ಇಸ್ರೇಲ್ ಮಾದರಿ' ಅಂದ ಕೂಡಲೇ ನಮ್ಮವರಿಗೆ ಡ್ರಿಪ್ಪು, ಪಾಲಿಹೌಸು, ಸಬ್ಸಿಡಿ ಅರ್ಜಿ ನೆನಪಾಗುತ್ತೆ. ನನಗೆ ನೆನಪಾಗೋದು ಗೂಬೆ.

ಅಲ್ಲಿನ ಬೇತ್ ಶೆಆನ್ ಕಣಿವೆಯಲ್ಲಿ ಸ್ದೆ ಎಲಿಯಾಹು ಅನ್ನೋ ಕಿಬುತ್ಸ್ ಇದೆ. ಕಿಬುತ್ಸ್ ಅಂದರೆ ಜಮೀನು, ದುಡಿಮೆ ಎಲ್ಲ ಒಟ್ಟಿಗೇ ಇಟ್ಟುಕೊಂಡು ಕಟ್ಟಿದ ಊರು. ಬಹುತೇಕ ಕಿಬುತ್ಸ್‌ಗಳು ಧರ್ಮದಿಂದ ದೂರವಿದ್ದವು. ಇದು ಮಾತ್ರ ಸಬ್ಬತ್ ಪಾಲಿಸೋ ಧಾರ್ಮಿಕ ಯಹೂದಿಗಳದ್ದು. ನಾಜಿ ಜರ್ಮನಿಯಿಂದ ಪಾರಾಗಿ ಬಂದ ಯುವಜನರು 1939ರಲ್ಲಿ, ಬ್ರಿಟಿಷ್ ಆಡಳಿತದ ಪ್ಯಾಲೆಸ್ಟೈನ್‌ನಲ್ಲಿ, ಇದನ್ನು ಕಟ್ಟಿದರು. ಧರ್ಮಗ್ರಂಥದ ಓದು, ಕೈದುಡಿಮೆ ಎರಡೂ ಬೇಕು ಅನ್ನೋದು ಅವರ ಚಳವಳಿಯ ನಿಲುವು. ಜಾಗ ಸಮುದ್ರಮಟ್ಟಕ್ಕಿಂತ ಕೆಳಗೆ, ಬೇಸಿಗೆಯಲ್ಲಿ ಕೆಂಡ.

ಸಾವಯವಕ್ಕೆ ಬಂದದ್ದು ಆಮೇಲೆ. 1980ರ ದಶಕದಲ್ಲಿ ಹೊಲದಲ್ಲಿ ಪೆಟ್ಟಿಗೆ ಗೂಡು ಇಟ್ಟು, ಕಣಜ ಗೂಬೆಗಳಿಂದ ಇಲಿ ಹಿಡಿಸೋಕೆ ಶುರು ಮಾಡಿದರು. ಅಲ್ಲೇ ಹುಟ್ಟಿದ ಬಯೋ-ಬೀ ಕಂಪನಿ, ಬೆಳೆ ಹಾಳು ಮಾಡೋ ನುಸಿಯನ್ನು ತಿನ್ನುವ ಇನ್ನೊಂದು ನುಸಿಯನ್ನು ಸಾಕಿ ಮಾರುತ್ತೆ.

ಪೆಟ್ಟಿಗೆಗೇನು ಮಹಾ ಖರ್ಚು? ಆದರೆ ಪಕ್ಕದವರು ಬ್ರೊಮಾಡಿಯೋಲೋನ್‌ನಂಥ ವಿಷ ಇಟ್ಟರೆ, ಅದನ್ನು ತಿಂದ ಇಲಿಯ ಜೊತೆ ಗೂಬೆಗೂ ವಿಷವೇ. ಅಲ್ಲಿ ಜಮೀನೆಲ್ಲ ಒಂದೇ, ತೀರ್ಮಾನವೂ ಒಂದೇ. ನಮ್ಮಲ್ಲಿ ಎರಡೆಕರೆಗೊಬ್ಬ ಯಜಮಾನ. ಹಾಗಾಗಿ ಅವರ ಯಂತ್ರಕ್ಕಿಂತ ಅವರ ಒಗ್ಗಟ್ಟೇ ನಮಗೆ ದುಬಾರಿ ಅಂತ ನನ್ನ ಅಭಿಪ್ರಾಯ.

ಹೋದ ವರ್ಷ ನಾನೂ ಒಂದು ಪೆಟ್ಟಿಗೆ ಕಟ್ಟಿದ್ದೆ. ಗೂಬೆ ಅಪಶಕುನ ಅಂತ ಅಜ್ಜಿ ಇಳಿಸಿಸಿದರು. ಈಗ ಮನೆಯಿಂದ ದೂರ, ತೋಟದ ಮೂಲೆಯಲ್ಲಿದೆ. ಬದುವಿನಾಚೆಯ ಮೂವರು ವಿಷ ಇಡಲ್ಲ ಅಂದಿದ್ದಾರೆ. ನಾಲ್ಕನೆಯವರ ಮನೆಗೆ ಭಾನುವಾರ ಹೋಗ್ತಿದ್ದೀನಿ.